ಎರಡು ಬೆಂಕಿಪೆಟ್ಟಿಗೆ

...ನಂಬಬೇಡ ಅಂತಲ್ಲ ಪುಟ್ಟೀ ನಾನು ಹೇಳ್ತಿರೋದು. ಪಿಯುಸೀಲಿ ಸೈನ್ಸೇ ತಗೋ, ಯಾರು ಬೇಡ ಅಂದ್ರು? ಆದ್ರೆ ಆ ಕೋಚಿಂಗ್‌ನೋರು ಕೊಟ್ಟ ಬಣ್ಣದ ಕಾಗದ ಇದ್ಯಲ್ಲ, ಅದರಲ್ಲಿ ರ್‍ಯಾಂಕ್ ಬಂದ ಹತ್ತು ಜನ ನಗ್ತಾ ನಿಂತಿದ್ದಾರೆ, ಸರಿ. ನಗದೇ ಇರೋರು ಎಲ್ಲಿ ಹೋದ್ರು? ಇದು ನಮ್ಮಪ್ಪನ ಬುದ್ಧಿ, ನಿಮ್ಮ ಮುತ್ತಾತಂದು. ಅವರಿಗೆ ಎಲ್ಲರ ಮೇಲೂ ಅನುಮಾನ. ನಮ್ಮ ಹಸು ಕರೆಯೋವಾಗ ಹಾಲಿಗೆ ನೀರು ಬೀಳುತ್ತೆ ಅಂತ ಪಕ್ಕದಲ್ಲೇ ನಿಂತಿರೋರು. ಕರೀತಿದ್ದೋಳು ಯಾರು? ನಮ್ಮಮ್ಮ!

ನಾನು ಪಿಯುಸಿ ಸೇರಿದ್ದು ಎಪ್ಪತ್ತೇಳರಲ್ಲಿ, ಅಲ್ಲ ಅಲ್ಲ, ಎಪ್ಪತ್ತೆಂಟು. ನಮ್ಮೂರು ಆಂಧ್ರದ ಗಡೀಲಿ, ನಂಗಲಿ ಹತ್ರ, ಕಾಲೇಜು ಮುಳಬಾಗಿಲಲ್ಲಿ. ಬಸ್ಸು ಸಿಕ್ರೆ ಬಸ್ಸು, ಇಲ್ದಿದ್ರೆ ಲಾರಿ. ಮನೇಲಿ ಮೊಟ್ಟೆ ತಂದು ರೇಷ್ಮೆ ಹುಳ ಸಾಕ್ತಿದ್ವಿ. ಈ ಹುಳ ಸಾಕೋರ ಮನೇಲಿ ಒಂದು ಕಟ್ಟು ಗೊತ್ತಾ, ಹುಳದ ಕೋಣೆಗೆ ಯಾವ ವಾಸನೇನೂ ಹೋಗಬಾರದು. ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಬೀಡಿ ಸೇದ್ದೋನು ಹೊಸಿಲು ದಾಟೋ ಹಂಗಿಲ್ಲ. ಅಂಥ ಮನೆಗೆ ನಾನು ಕೆಮಿಸ್ಟ್ರಿ ಪ್ರಾಕ್ಟಿಕಲ್ಸ್ ಮುಗಿಸ್ಕೊಂಡು ಬರ್ತಿದ್ದೆ. ಹೈಡ್ರೋಜನ್ ಸಲ್ಫೈಡ್ ಅಂತ ಒಂದು ಗಾಳಿ, ಕೊಳೆತ ಕೋಳಿಮೊಟ್ಟೆ ವಾಸನೆ, ಶರ್ಟಿಗೆ ಹತ್ತಿದ್ರೆ ಬಿಡಲ್ಲ. ಮೊದಲನೇ ದಿನವೇ ಅಪ್ಪ ಬಾಗಿಲಲ್ಲಿ ತಡೆದ್ರು. "ಏನ್ಲಾ ಇದು ನಾತ?" "ಕಾಲೇಜಲ್ಲಿ ಗಾಳಿ ಮಾಡಿದ್ವಿ ಅಪ್ಪಾ." "ಗಾಳಿ ಮಾಡೋಕೆ ಮುಳಬಾಗಿಲ ತನಕ ಹೋಗಬೇಕೇನೋ? ಇಲ್ಲಿ ಇಲ್ವಾ ಗಾಳಿ?" ಅವತ್ತಿಂದ ಶರ್ಟು ಹೊಂಗೆ ಮರಕ್ಕೆ ನೇತು ಹಾಕಿ, ಸ್ನಾನ ಮಾಡಿ, ಆಮೇಲೆ ಒಳಗೆ.

ಆ ಸಲ ಹುಳ ನಾಲ್ಕನೇ ಜ್ವರ ಎದ್ದವು. ಜ್ವರ ಅಂದ್ರೆ ಕಾಯಿಲೆ ಅಲ್ಲ ಕಣೇ, ಪೊರೆ ಬಿಡೋಕೆ ಮುಂಚೆ ಸುಮ್ಮನೆ ಮಲಗುತ್ತಲ್ಲ, ಅದು. ಎದ್ದ ಮೇಲೆ ಮಳೆ ಬಂದಂಗೆ ಸದ್ದು ಮಾಡ್ತಾ ಸೊಪ್ಪು ತಿನ್ನಬೇಕು. ತಿನ್ನಲಿಲ್ಲ. ಒಂದು ದೊಡ್ಡದು, ಒಂದು ಸಣ್ಣದು, ಮೈಮೇಲೆಲ್ಲ ಮೆಣಸಿನ ಪುಡಿ ಉದುರಿಸಿದಂಗೆ ಕರಿ ಚುಕ್ಕೆ. ಎರಡೇ ದಿನಕ್ಕೆ ತಟ್ಟೆ ತಟ್ಟೆ ಹೋದವು. ಗುಂಡಿ ತೋಡಿ ಹೂತು ಬಂದು ಅಪ್ಪ ಕೈ ತೊಳೀತಾ ಅಂದ್ರು, "ನಿನ್ನ ಗಾಳೀನೇ ಕೊಂದಿದ್ದು. ಸೈನ್ಸ್ ಸಾಕು, ಆರ್ಟ್ಸಿಗೆ ಬರೆಸ್ಕೊ. ಅಲ್ಲಿ ನಾತ ಇಲ್ಲ." ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ.

ನಂಗೆ ಸೈನ್ಸ್ ಬಿಡೋದು ಅಂದ್ರೆ... ಬೇಡ ಬಿಡು. ಒಂದು ಬೆಂಕಿಪೆಟ್ಟಿಗೇಲಿ ಸತ್ತ ಹುಳ ಹಾಕ್ಕೊಂಡು ಜೀವಶಾಸ್ತ್ರದ ಮೇಷ್ಟ್ರ ಹತ್ರ ಹೋದೆ. ಅವರೂ ಕಮ್ಮಿ ಇಲ್ಲ. ಇದ್ದದ್ದು ಒಂದೇ ಮೈಕ್ರೋಸ್ಕೋಪು, ಬೀರುವಿನ ಬೀಗದ ಕೈ ಅವರ ಜನಿವಾರದಲ್ಲಿ. "ಮುಟ್ಟೋಕೆ ಒಂದು ನೆಪ ತಂದಿದ್ಯೇನೋ?" ಅಂದ್ರು. ಆಮೇಲೆ ಹುಳ ಅರೆದು, ಒಂದು ತೊಟ್ಟು ಗಾಜಿನ ಮೇಲೆ ಬಿಟ್ಟು, ಬಹಳ ಹೊತ್ತು ನೋಡಿದ್ರು. "ಗಂಟು ರೋಗ ಕಣಯ್ಯ. ಮೊಟ್ಟೇಲೇ ಬಂದಿದೆ. ನಿನ್ನ ಶರ್ಟಿಗೂ ಇದಕ್ಕೂ ಸಂಬಂಧ ಇಲ್ಲ."

ಮನೇಲಿ ಹೇಳಿದೆ. ಕೋಪ ಬಂದ್ರೆ ಅಪ್ಪಂಗೆ ತೆಲುಗು ಬರೋದು. "ಎವರ್ರಾ ಚೆಪ್ಪಿಂದಿ? ಯಾರು ಹೇಳಿದ್ದು? ನಿಮ್ಮ ಮೇಷ್ಟ್ರಾ? ನೀನು ಬಿಟ್ರೆ ಅವನ ಕ್ಲಾಸಲ್ಲಿ ಒಂದು ತಲೆ ಕಮ್ಮಿ. ಹೇಳ್ದೇ ಇರ್ತಾನಾ?" ಮಾರನೇ ದಿನ ಬೆಳಿಗ್ಗೆ ಪಂಚೆ ಉಟ್ಕೊಂಡು ನನ್ನ ಜೊತೆ ಹೊರಟ್ರು. ಜೇಬಲ್ಲಿ ಎರಡು ಬೆಂಕಿಪೆಟ್ಟಿಗೆ. ಒಂದರಲ್ಲಿ ನಮ್ಮ ಹುಳ. ಇನ್ನೊಂದರಲ್ಲಿ ಪಕ್ಕದ ಮನೆ ಚೌಡಪ್ಪಂದು. ಅವನ ಹುಳ ನಮ್ಮವಕ್ಕಿಂತ ಐದು ದಿನ ಚಿಕ್ಕವು, ಚೆನ್ನಾಗಿ ಮೇಯ್ತಿದ್ವು. ಬೇರೆಯೋರ ಹುಳದ ಕೋಣೆಗೆ ಕಾಲಿಡಬಾರದು, ಅಂಥದ್ರಲ್ಲಿ ಅಪ್ಪ ಮಾತಾಡ್ಸೋ ನೆಪದಲ್ಲಿ ಹೋಗಿ ಒಂದು ಎತ್ಕೊಂಡು ಬಂದಿದ್ರು. ಕದ್ದು! ಎರಡನ್ನೂ ಒಂದೇ ತರ ಜಜ್ಜಿದ್ರು, ಒಂದು ಪೆಟ್ಟಿಗೆ ಒಳಗೆ ಉಗುರಲ್ಲಿ ಗೀರಿದ್ರು. ಯಾವುದಕ್ಕೆ ಅಂತ ನಂಗೂ ತೋರಿಸಲಿಲ್ಲ. ಮೇಷ್ಟ್ರ ಮೇಜಿನ ಮೇಲಿಟ್ಟು, "ಇದರಲ್ಲಿ ರೋಗದ್ದು ಯಾವುದು, ಹೇಳಿ ಸ್ವಾಮಿ" ಅಂದ್ರು. ಮೇಷ್ಟ್ರ ಮುಖ ಕೆಂಪಾಯ್ತು. "ನಂಗೇ ಪರೀಕ್ಷೆ ಇಡ್ತೀರೇನ್ರೀ ಗೌಡ್ರೇ?" "ನೀವು ಮಕ್ಕಳಿಗೆ ಇಡಲ್ವಾ?"

ಮೇಷ್ಟ್ರು ಒಂದು ನೋಡಿದ್ರು. ಇನ್ನೊಂದು ನೋಡಿದ್ರು. ತಿರುಗಿ ಮೊದಲನೇದು ನೋಡಿದ್ರು. "ಎರಡರಲ್ಲೂ ಇದೆ" ಅಂದ್ರು.

ಅಪ್ಪ ನಕ್ಕಿದ್ದು ಅಪರೂಪ, ಅವತ್ತು ನಕ್ರು. ನನ್ನ ರಟ್ಟೆ ಹಿಡ್ಕೊಂಡು ಹೊರಗೆ ಬಂದು, "ಸಿಕ್ಕಿಬಿದ್ದ ನೋಡ್ಲಾ ನಿಮ್ಮ ಮೇಷ್ಟ್ರು. ಚೆನ್ನಾಗಿ ಮೇಯೋ ಹುಳಕ್ಕೂ ರೋಗವಂತೆ!" ಅಂತ ಸೀದಾ ಆಫೀಸಿಗೆ ಎಳ್ಕೊಂಡು ಹೋದ್ರು, ಆರ್ಟ್ಸಿಗೆ ಬರೆಸೋಕೆ. ಗುಮಾಸ್ತ ತಲೆ ಎತ್ತಲಿಲ್ಲ. "ಪ್ರಿನ್ಸಿಪಾಲ್ರು ಇಲ್ಲ. ಸೋಮವಾರ ಬನ್ನಿ." ನನ್ನ ಪಿಯುಸಿ ಉಳಿಸಿದ್ದು ಆ ಸೋಮವಾರ.

ಭಾನುವಾರ ಚೌಡಪ್ಪ ನಮ್ಮ ಅಂಗಳದಲ್ಲಿ ನಿಂತು ಕೂಗಾಡಿದ. "ನಿನ್ನ ಮಗನ ಕಾಲೇಜು ನಾತ ನಮ್ಮನೇಗೂ ಹೊಡೀತು ಕಣಣ್ಣೋ! ನನ್ನ ಹುಳವೂ ಸೊಪ್ಪು ಬಿಟ್ಟವು!" ಅಪ್ಪ ಹೊಂಗೆ ಮರದಲ್ಲಿ ನೇತಾಡ್ತಿದ್ದ ನನ್ನ ಶರ್ಟು ನೋಡಿದ್ರು, ನನ್ನ ನೋಡಿದ್ರು. "ನಾತ ಅಲ್ಲ ಚೌಡಪ್ಪ. ಮೊಟ್ಟೇಲೇ ಬಂದಿದೆ. ಇಬ್ರೂ ಒಬ್ಬನ ಹತ್ರಾನೇ ತಂದ್ವಲ್ಲ" ಅಂದ್ರು. ಸರ್ಕಾರಿ ಮೊಟ್ಟೆ ಮೇಲೆ ಅನುಮಾನ ಅಂತ ಇಬ್ರೂ ಸೇರಿ ಗಡಿ ಆಚೆ ಒಬ್ಬ ಗುರುತಿನೋನ ಹತ್ರ ತಂದಿದ್ರು. ಪ್ರಪಂಚದಲ್ಲಿ ಅಪ್ಪ ಅನುಮಾನ ಪಡದೇ ಇದ್ದೋನು ಅವನೊಬ್ಬನೇ.

ಇನ್ನೊಂದು ಹೇಳ್ಬೇಕು. ಮೂರು ದಿನ ಮುಂಚೆನೇ ನಂಗೆ ಗೊತ್ತಿತ್ತಲ್ಲ, ಚೌಡಪ್ಪನ ಹುಳಕ್ಕೂ ಇದೆ ಅಂತ. ಅವನಿಗೆ ಹೇಳಿದ್ರೆ ಅಪ್ಪ ಕದ್ದಿದ್ದೂ ಹೇಳ್ಬೇಕಿತ್ತು. ಹೇಳಲಿಲ್ಲ. ಆ ಮೂರು ದಿನ ಅವನ ಹೆಂಡ್ತಿ ಸೊಪ್ಪಿನ ಹೊರೆ ಹೊತ್ಕೊಂಡು ನಮ್ಮನೆ ಮುಂದೇನೇ ಹೋಗ್ತಿದ್ಲು, ಸಾಯೋ ಹುಳಕ್ಕೆ.

ಸೋಮವಾರ ಅಪ್ಪ ಕಾಲೇಜಿಗೆ ಬಂದ್ರು. ಆಫೀಸಿನ ಕಡೆ ತಿರುಗಲಿಲ್ಲ. ಮೇಷ್ಟ್ರ ಮುಂದೆ ನಿಂತು, "ಮುಂದಿನ ಸಲ ಮೊಟ್ಟೆ ತಂದ್ರೆ ಮೊದಲು ಇಲ್ಲಿಗೆ ತರ್ತೀನಿ. ನೋಡ್ತೀರಾ?" ಅಂದ್ರು ಅಷ್ಟೇ. ತಪ್ಪಾಯ್ತು ಅನ್ನಲಿಲ್ಲ. ಶರ್ಟು ಮಾತ್ರ ಪಿಯುಸಿ ಮುಗಿಯೋ ತನಕ ಹೊಂಗೆ ಮರದಲ್ಲೇ.

ಅದಕ್ಕೇ ಪುಟ್ಟೀ, ಅನುಮಾನ ಪಡು, ಚೆನ್ನಾಗಿ ಪಡು. ಆದ್ರೆ ಎರಡು ಪೆಟ್ಟಿಗೆ ತಗೊಂಡು ಹೋಗು, ಅವರು ಹೇಳಿದ್ದು ನಿಂಗೆ ಹಿಡಿಸದಿದ್ರೂ ಸೋಮವಾರದ ತನಕ ಕಾಯಿ. ತಗೊಂಬಾ ಆ ಕಾಗದ, ನಗದೇ ಇರೋರ ಫೋನ್ ನಂಬರು ಕೊಡ್ತಾರಾ ಕೇಳೋಣ.