ಸಂಬೋಧನೆಯಿಲ್ಲದ ಕಾಗದ

ವೇದಿಕೆಯ ಮೇಲಿರುವ ಪರಮಪೂಜ್ಯ ಬಿಷಪರೇ, ವಿಚಾರಣಾ ಸಮಿತಿಯ ಹಿರಿಯರೇ, ಪಾದ್ರಿಗಳೇ, ಕೊನೆಯ ಸಾಲಿನಲ್ಲಿ ಕೂತಿರುವ ನನ್ನ ಅಕ್ಕ, ಭಾವ, ಮತ್ತು ಚಹಾಕ್ಕಾಗಿ ಕಾಯುತ್ತಿರುವ ಸಭಿಕರೇ,

ನೋಡಿ, ಯಾರನ್ನೂ ಬಿಡಲಿಲ್ಲ. ಮೂವತ್ತೊಂದು ವರ್ಷ ಬಿಷಪರ ಕಚೇರಿಯಲ್ಲಿ ಗುಮಾಸ್ತನಾಗಿದ್ದವನಿಗೆ ಸಂಬೋಧನೆ ತಪ್ಪುವುದುಂಟೇ? ‘ಪರಮಪೂಜ್ಯ ಬಿಷಪರ ಸನ್ನಿಧಾನಕ್ಕೆ’ ಎಂದು ಶುರುವಾಗದ ಕಾಗದ ಒಳಗಿನ ಮೇಜಿಗೆ ಹೋಗಕೂಡದು. ಅದು ನಮ್ಮ ಕಚೇರಿಯ ನಿಯಮ. ಅಂಥವನ್ನು ನನ್ನ ಕೆಳಗಿನ ಡ್ರಾಯರಿನಲ್ಲಿಡುತ್ತಿದ್ದೆ. ಬರೆದವರು ಬಂದು ತಿದ್ದಿಕೊಡಬೇಕು. ಒಬ್ಬ ಅಜ್ಜಿ ‘ಮಗಾ ಬಿಷಪ್ಪಾ’ ಅಂತ ಬರೆದಿದ್ದರು. ಅದನ್ನೂ ಒಳಗೆ ಬಿಡಲಿಲ್ಲ.

ಈಗ ನನ್ನ ನಿವೃತ್ತಿಗೆ ನೀವು ಕೊಟ್ಟ ಈ ಫಲಕದ ವಿಷಯ. ಯಾಕೆ ಕೊಟ್ಟಿರಿ? ಗಂಟೆಗೋಪುರದ ವಿಚಾರಣಾ ವರದಿಯನ್ನು ಅಚ್ಚುಕಟ್ಟಾಗಿ ಬರೆದದ್ದಕ್ಕಂತೆ. ಗೋಪುರ ಕಟ್ಟಿಸುವ ಆಜ್ಞೆ ಬರೆದವನೂ ನಾನೇ. ಅದು ವಾಲಿದಾಗ ಯಾಕೆ ವಾಲಿತೆಂದು ವಿಚಾರಿಸುವ ಆಜ್ಞೆ ಬರೆದವನೂ ನಾನೇ. ಎರಡಕ್ಕೂ ಬಿಷಪರ ಸಹಿ. ವರದಿಯ ಕೊನೆಯ ಸಾಲು ಹೀಗಿದೆ: ‘ನೆಲ ಮೆತ್ತಗಿರುವುದನ್ನು ಮೇಸ್ತ್ರಿ ಮುಂಚಿತವಾಗಿ ತಿಳಿಸಲಿಲ್ಲ. ಆದ್ದರಿಂದ ಇನ್ನು ಯಾವ ಚರ್ಚಿನ ಕೆಲಸವನ್ನೂ ಆತನಿಗೆ ಕೊಡಬಾರದು.’ ಸಭೆ ಮುಗಿದ ಮೇಲೆ ಬಿಷಪರು ಅದಕ್ಕೆ ಸಹಿ ಹಾಕಲಿದ್ದಾರೆ. ಆ ಮೇಸ್ತ್ರಿ ನನ್ನ ಭಾವ. ಸ್ವಂತ ಭಾವನನ್ನೂ ಬಿಡದ ನಿಷ್ಪಕ್ಷಪಾತಿ ಎಂದು ಸ್ವಾಗತ ಭಾಷಣದಲ್ಲಿ ಹೊಗಳಿದಿರಿ. ಚಪ್ಪಾಳೆಯೂ ಆಯಿತು.

‘ಕಾಗದ ಕಳಿಸಿದ್ದೆನಲ್ಲಪ್ಪಾ’ ಎಂದು ಭಾವ ವಿಚಾರಣೆಯಲ್ಲಿ ಹೇಳಿದ್ದರು. ಕಡತದಲ್ಲಿರಲಿಲ್ಲ. ಕಡತದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದವನು ನಾನು. ‘ನನ್ನ ಗಂಡ ಸುಳ್ಳು ಹೇಳೋರಲ್ಲ ಕಣೋ’ ಅಂದ ಅಕ್ಕ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು.

ನಿವೃತ್ತಿಯಲ್ಲವೇ, ಇವತ್ತು ಬೆಳಿಗ್ಗೆ ಡ್ರಾಯರು ಖಾಲಿ ಮಾಡಿದೆ. ಅಜ್ಜಿಯ ಕಾಗದದ ಕೆಳಗೆ ಸಿಮೆಂಟು ಚೀಲದ ಒಂದು ತುಂಡು. ಪೆನ್ಸಿಲಿನಲ್ಲಿ ಬರೆದಿದೆ: ‘ನೆಲ ಮೆತ್ತಗಿದೆ. ಇಲ್ಲಿ ಗೋಪುರ ಬೇಡ. ಮೇಸ್ತ್ರಿ.’ ಅಂಚಿನಲ್ಲಿ ನನ್ನದೇ ಕೆಂಪು ಶಾಯಿ: ‘ಸಂಬೋಧನೆ ಇಲ್ಲ.’

ಆಗಿನಿಂದ ತಲೆಬುಡ ತಿಳಿಯುತ್ತಿಲ್ಲ. ತಪ್ಪು ಯಾರದು? ಭಾವನದೇ? ನಿಯಮದ್ದೇ? ಆ ನಿಯಮ ಯಾವ ಬಿಷಪರದೆಂದು ಹಳೆಯ ಆಜ್ಞೆಗಳನ್ನೆಲ್ಲ ಹುಡುಕಿದೆ. ಎಲ್ಲೂ ಇಲ್ಲ. ಹಾಗಾದರೆ ಮಾಡಿದ್ದು ಯಾರು? ನಾನೇ ಇರಬೇಕು. ಇದಕ್ಕೂ ಒಂದು ಸಮಿತಿ ಬೇಡ, ಬಿಷಪರೇ. ಅದರ ವರದಿಯನ್ನೂ ನನ್ನ ಕೈಯಲ್ಲೇ ಬರೆಸಿಬಿಡುತ್ತೀರಿ.

ಭಾವನ ಮುಖ ನೋಡಲು ನಾಚಿಕೆಯಾಗುತ್ತಿದೆ. ಈಗಷ್ಟೇ, ನೀವು ನನ್ನನ್ನು ಹೊಗಳುತ್ತಿದ್ದಾಗ, ಆ ತುಂಡಿನ ಮೇಲೆ ಒಂದು ಸಾಲು ಸೇರಿಸಿದೆ. ಓದುತ್ತೇನೆ: ‘ಪರಮಪೂಜ್ಯ ಬಿಷಪರ ಸನ್ನಿಧಾನಕ್ಕೆ. ನೆಲ ಮೆತ್ತಗಿದೆ. ಇಲ್ಲಿ ಗೋಪುರ ಬೇಡ.’ ಈಗ ನಿಯಮದಂತಿದೆ, ತೆಗೆದುಕೊಳ್ಳಿ. ಸಹಿ ಹಾಕುವ ಮೊದಲು ಓದಿ. ಫಲಕವನ್ನು ಇಲ್ಲೇ ಇಟ್ಟಿದ್ದೇನೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ಅಕ್ಕಾ, ಎದ್ದು ಹೋಗಬೇಡ, ನಾನೂ ಬಂದೆ. ನಮಸ್ಕಾರ.