ಕಾರ್ಡ್ ಹೊಸಾದು, ಪ್ರೊಸೆಸರ್ ಹಳೇದು

…ನಗಬ್ಯಾಡ! ಇದರಾಗ ನಗೂದೇನೈತಿ? ಕಂಪ್ಯೂಟರಿಗೆ ಇಷ್ಟ್ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೂ ಆಟ ಯಾಕ ಜಗ್ಗಿ ಜಗ್ಗಿ ನಡೀತು ಅಂತ ಕೇಳಿದಿ, ಹೇಳಾಕತ್ತೇನಿ. ಅಕ್ಕ ನೆಪಾ ಹೇಳಾಕತ್ಯಾಳ ಅನ್ನೂ ಹಂಗ ಮಾರಿ ಮಾಡಬ್ಯಾಡ, ಚೇತ್ಯಾ. ಕುಂದ್ರು. ಚಾ ಆರತೈತಿ.

ಕಾರ್ಡ್ ಕೆಟ್ಟಿಲ್ಲ. ಮಶೀನೂ ಕೆಟ್ಟಿಲ್ಲ. ಕೇಳ… ಇಲ್ಲಿ ವಡಗಾವಿಯೊಳಗ ಯಾರ್ ಮನಿಗೆ ಬೇಕಾದ್ರೂ ಹೋಗಿ ನೋಡು. ಮಗ್ಗ ಹೊಸಾದ ಇರಲಿ, ಭರ್ರಂತ ಓಡೂದ ಇರಲಿ, ನೂಲಿನ ಕಂಡಿಕಿ ಸುತ್ತಿ ಕೊಡಾಕ ಬಾಜೂಮನಿ ಕಾಶೀಬಾಯಿ ಒಬ್ಬಾಕೇ ಇದ್ರ ಏನಾಗತೈತಿ? ಮಗ್ಗ ನಿಂತ ಬಿಡತೈತಿ. ನಿನ್ನ ಪ್ರೊಸೆಸರ್ ಕಾಶೀಬಾಯಿ. ಹಳೇದು, ಆದ್ರೂ ಪಾಪ, ಸುತ್ತತಿತ್ತು. ಈ ಹೊಸ ಕಾರ್ಡ್ ನಡಸೋ ಸಾಫ್ಟ್‌ವೇರ್ ಐತೆಲ್ಲ, ಡ್ರೈವರ್ ಅಂತಾರ ನೋಡು, ಅದು ಭಾಳ ಲಾಡ ಮಾಡತೈತಿ. ತನ್ನ ಕೆಲಸ ಎಲ್ಲಾ ಪ್ರೊಸೆಸರಿನ ತಲಿ ಮ್ಯಾಲ ಹಾಕತೈತಿ. ಹಳೇ ಕಾರ್ಡಿನ ಡ್ರೈವರ್ ಹಂಗಿರಲಿಲ್ಲ, ಹಗರ ಇತ್ತು. ಈಗ ಏನಾತು? ಪ್ರೊಸೆಸರ್ ಏದುಸಿರು ಬಿಡತೈತಿ, ನಿನ್ನ ದೊಡ್ಡ ಕಾರ್ಡ್ ಅರ್ಧಾ ಟೈಮ್ ಕೈಕಟ್ಟಿ ಕುಂದ್ರತೈತಿ!

ನಡುವ ಚಿತ್ರದ ಕ್ವಾಲಿಟಿ ಇಳಿಸಿದ್ಯಾ? ಇಳಿಸಿರ್ತಿ. ಏನೂ ಆಗೂದಿಲ್ಲ ಹುಚ್ಚಾ! ಅದರಿಂದ ಕಾರ್ಡಿನ ಭಾರ ಇಳೀತೈತಿ. ದುಡಿದು ಸಾಯೂದು ಕಾರ್ಡಲ್ಲ.

ಆದ್ರ ಮಂದಿ ಕೇಳೂದು ಏನು? ‘ಯಾವ ಕಾರ್ಡ್ ಐತ್ರಿ?’ ಪ್ರೊಸೆಸರಿನ ಹೆಸರ ಯಾರೂ ಕೇಳೂದಿಲ್ಲ. ಹ್ಞಾಂ, ಇರಲಿ ಬಿಡು… ನನಗೇನ್ ಸಿಟ್ಟಿಲ್ಲ.

ಹೌದಪ್ಪಾ, ಗೊತ್ತೈತಿ! ಮ್ಯಾಚ್ ಗೆದ್ದಿದ್ರ ಪುಣೆ ಗೇಮಿಂಗ್ ತಂಡದವ್ರು ಕರಕೊಂಡು ಹೋಗವ್ರಿದ್ರು. ಖಾನಾಪುರದಾಗ ಅವ್ವ ಬ್ಯಾಗ್ ಸುದ್ದಾ ತುಂಬಿಟ್ಟಿದ್ಲು. ಅದಕ್ಕ ನಿನಗ ಸಿಟ್ಟ ಬಂತು. ನಿನ್ನಿ ಸೋತಿ, ಮಶೀನ್ ಚಾದರದಾಗ ಸುತ್ತಿದಿ, ಕೋಟೆ ಬಾಜೂಕ ಮ್ಯಾಚ್ ಇದ್ದ ಹಾಲ್‌ನಿಂದ ಸೀದಾ ಖಾನಾಪುರಕ್ಕ ಹೋದಿ. ಹಬ್ಬದ ದಿನ ಸಂಜೀಕ ಬನ್ನಿ ಕೊಡಾಕೂ ಅಕ್ಕನ ಮನಿಗೆ ಬರಲಿಲ್ಲ. ಇವತ್ತ ಬಂದೀದಿ. ಅದೋ, ಟೇಬಲ್ ಮ್ಯಾಲ ಇಟ್ಟಿ, ಚಾದರಾ ಇನ್ನೂ ಬಿಚ್ಚಿಲ್ಲ. ಆಗ್ಲೇ ಕೇಳ್ತಿ, ‘ಮೊದಲ ಚೆಕ್ ಮಾಡಿರಲಿಲ್ಲೇನು?’

ಹೆಂಗ ಮಾಡ್ಲೋ? ಮೊನ್ನಿ ಖಂಡೆನವಮಿ, ಆಯುಧ ಪೂಜಿ. ಹೊಸ ಕಾರ್ಡ ಬೇಕೇ ಬೇಕಂತ ಹಟಾ ಹಿಡದಿ, ಹಾಕಿಕೊಟ್ನಿ. ಕ್ಯಾಬಿನೆಟ್ ಮುಚ್ಚೂದೇ ತಡ, ಅತ್ತಿ ಬಂದು ವಿಭೂತಿ ಹಚ್ಚಿ, ಹೂವ ಏರಿಸಿ ಪೂಜಿಗೆ ಇಟ್ಟಬಿಟ್ರು. ಪೂಜಿಗಿಟ್ಟಿದ್ದ ಮುಟ್ಟೂ ಹಂಗಿಲ್ಲ, ನಿನಗ ಗೊತ್ತಿಲ್ಲೇನು? ಮ್ಯಾಚಿನ ಹಿಂದಿನ ದಿನ ಮಶೀನ್ ದೇವರ ಮುಂದ ಕುಂತಿತ್ತು! ಬ್ಯಾರೆ ಊರವ್ರು ಯಾರಾರ ಹಿಂಗ ಮಾಡ್ತಾರೇನು? ಮರುದಿನ ನೀ ಬಂದಿ, ಎತ್ತಿಕೊಂಡು ಹೋದಿ. ನಾ ಸ್ವಿಚ್ಚೂ ಒತ್ತಲಿಲ್ಲ. ಯಾರ್ ತಪ್ಪೂ ಅಲ್ಲ, ಹಂಗಾತು, ಅಷ್ಟ.

ಖರೇ ಹೇಳ್ಲಿ? ಹಳೇ ಕಾರ್ಡನ ಇದ್ದಿದ್ರ ಗೆಲ್ತಿದ್ದಿ. ತಲಿ ಅಲ್ಲಾಡಸಬ್ಯಾಡ! ಅಗ್ಗದ ಕಾರ್ಡು, ಆದ್ರ ಅದs ಚಲೋ ಓಡತೈತಿ. ಇದs ಮಶೀನಿಗೆ ಹಳೇದ ಹಾಕಿ ಆಟ ಹಚ್ಚೀನಿ, ನೀರ ಹರದಂಗ ಹೋತು. ತಗದು ಹೊಸಾದ ಹಾಕೀನಿ. ಆಟದಾಗ ಬಾಗಲಾ ದಾಟಿ ಓಡೂ ಮುಂದ ಟಕ್ಕಂತ ನಿಂತು ಜಿಗೀತು. ಎರಡೂ ನಾನs ಕಣ್ಣಾರೆ ನೋಡೇನಿ, ಸುಳ್ಳ ಯಾಕ…

ಏನು?

ಯಾಕೋ ಹಂಗ ನೋಡ್ತಿ?

ಯಾವಾಗ ಅಂದ್ರ… ಇದs ಮಶೀನ್ ಅಂದ್ನೇನು? ಬಾಯಿ ತಪ್ಪಿ ಬಂತು. ಗಿರಾಕಿದೊಂದು ಇಂಥಾದ್ದ ಬಂದಿತ್ತು… ಹೋದ ವಾರ… ಅಲ್ಲ, ಹೋದ ವಾರ ಹೊಸ ಕಾರ್ಡs ಬಂದಿರಲಿಲ್ಲ ಅಲಾ…

ಚೇತ್ಯಾ, ಬೈಯಿ ಬೇಕಾರ.

ಏಳಬ್ಯಾಡ, ಕುಂದ್ರು. ಕೇಳು. ನಿನ್ನಿ ಹಬ್ಬದ ನಸಿಕಿನ್ಯಾಗ, ಅತ್ತಿ ಏಳೂದರಾಗ ಪೂಜಿ ಮುರದು ನೋಡೀನಿ. ಹೌದು. ನೀ ಬಂದ ಕೂಡ್ಲೇ ಹೇಳಿ, ಹಳೇ ಕಾರ್ಡ ಹಾಕಿ ಕಳಸೂಣು ಅಂತ ಸ್ಕ್ರೂಡ್ರೈವರ್ ಹಿಡಕೊಂಡ ನಿಂತಿದ್ನಿ. ನೀ ಫೋನಿನ್ಯಾಗ ಮಾತಾಡಕೋತ ಒಳಗ ಬಂದಿ. ಪುಣೆದವ್ರು ಕೇಳಿದ್ರು, ಪೀಸಿ ಯಾರ್ ಮಾಡಿಕೊಟ್ಟಾರ ಅಂತ. ನಾ ನಿನ್ನ ಬಾಜೂಕs ನಿಂತೇನಿ. ನೀ ಏನಂದಿ? ‘ಮೀಚ್ ಬನವಲಾ’ ಅಂದಿ. ನಾನs ಮಾಡೀನಿ ಅಂತ. ನನ್ನ ಮಾರಿ ನೋಡಕೋತ ಅಂದಿ ಅಲ್ಲೋ!

ಸ್ಕ್ರೂಡ್ರೈವರ್ ಹೊಳ್ಳಿ ಡಬ್ಬ್ಯಾಗ ಇಟ್ಟಬಿಟ್ನಿ.