ನಗರದರ್ಶನದಲ್ಲಿ ತಪ್ಪಿಸಿಕೊಂಡ ತಾತ

ಮಾನ್ಯ ಅಧ್ಯಕ್ಷರಾದ ಬೋತೊಂಡ್ ಅವರೇ, ವೇದಿಕೆಯ ಮೇಲಿನ ಅತಿಥಿಗಳೇ, ಇಂದು ಮಾರ್ಗದರ್ಶಕರ ಬಿಲ್ಲೆ ಧರಿಸಲಿರುವ ಕಿರಿಯ ಗೆಳೆಯರೇ, ನನ್ನ ಭಾಷಣಕ್ಕಿಂತ ಅದರ ನಂತರದ ಊಟಕ್ಕಾಗಿ ಬಂದಿರುವ ಹಿರಿಯ ಸಭಿಕರೇ,

ನಮ್ಮ ಬುಡಾಪೆಸ್ಟನ್ನು ಅರ್ಧ ದಿನದಲ್ಲಿ ಪ್ರವಾಸಿಗರಿಗೆ ಪರಿಚಯಿಸುವುದು ಹೇಗೆ ಎಂದು ಹೊಸಬರಿಗೆ ಹೇಳಿಕೊಡಬೇಕೆಂಬುದು ಅಧ್ಯಕ್ಷರ ಅಪ್ಪಣೆ. ಅದರಲ್ಲೇನು ಕಷ್ಟ? ಡ್ಯಾನ್ಯೂಬಿನ ಆ ದಡದಲ್ಲಿ ಬೆಟ್ಟದ ಬುಡಾ, ಈ ದಡದಲ್ಲಿ ಬಯಲಿನ ಪೆಸ್ಟ್. ಅರಮನೆ ತೋರಿಸಿ, ಸಂಸತ್ ಭವನ ತೋರಿಸಿ, ಬಿಸಿನೀರಿನ ಸ್ನಾನಗೃಹದ ಮುಂದೆ ಒಂದು ಜೋಕು ಹೇಳಿ. ಮುಗಿಯಿತು. ಇದನ್ನು ನಾನು ಸ್ಪ್ಯಾನಿಷ್‌ನಲ್ಲಿ ನಿದ್ದೆಗಣ್ಣಲ್ಲೂ ಹೇಳಬಲ್ಲೆ.

ಸ್ಪ್ಯಾನಿಷ್ ಎಲ್ಲಿ ಕಲಿತಿರಿ ಎಂದು ಕೇಳುವವರಿಗೆ ಶಾಲೆಯಲ್ಲಿ ಎನ್ನುತ್ತೇನೆ. ಆ ಕಾಲದಲ್ಲಿ ನಮ್ಮ ನೂಲಿನ ಗಿರಣಿಗಳಿಗೆ ಕ್ಯೂಬಾದಿಂದ ಕೆಲಸಗಾರರು ಬರುತ್ತಿದ್ದರು. ಅವರಲ್ಲೊಬ್ಬನಿಗೆ ನನ್ನ ಹಂಗೇರಿಯನ್ ತಿಳಿಯದು, ಅವನ ಸ್ಪ್ಯಾನಿಷ್ ನನಗೆ ತಿಳಿಯದು. ಇಬ್ಬರಲ್ಲಿ ಒಬ್ಬರು ಕಲಿಯಲೇಬೇಕಿತ್ತು. ಅವನು ಹವಾನಾಕ್ಕೆ ಹೊರಟುಹೋದ, ಭಾಷೆ ನನ್ನಲ್ಲಿ ಉಳಿಯಿತು. ಇರಲಿ, ಅದು ಇಂದಿನ ವಿಷಯವಲ್ಲ.

ಇಂದಿನ ವಿಷಯ ಒಬ್ಬ ತಾತ, ಹೆಸರು ಎಂಡ್ರೆ. ಸೋವಿಯತ್ ವಿರುದ್ಧದ ಐವತ್ತಾರರ ದಂಗೆಯ ಚಳಿಗಾಲದಲ್ಲಿ, ಇನ್ನೂ ಹುಡುಗನಾಗಿದ್ದಾಗ ದೇಶ ಬಿಟ್ಟು ಉರುಗ್ವೆ ಸೇರಿದವರು. ಅಲ್ಲೇ ಮದುವೆ, ಅಲ್ಲೇ ಸಂಸಾರ. ಮನೆಯಲ್ಲಿ ಒಂದು ದಿನವೂ ನಮ್ಮ ಭಾಷೆ ಆಡಿದವರಲ್ಲ. ಮರೆವಿನ ಕಾಯಿಲೆ ಹಿಡಿದ ಅವರನ್ನು ಮಗಳು ಗ್ರಾಸಿಯೇಲಾ ನನ್ನ ಸ್ಪ್ಯಾನಿಷ್ ಪ್ರವಾಸದ ಬಸ್ಸಿಗೆ ಕರೆತಂದಿದ್ದಳು.

"ಅಪ್ಪನಿಗೆ ಸ್ಪ್ಯಾನಿಷ್ ಹೋಗೇಬಿಟ್ಟಿದೆ. ಏನೇನೋ ಬಡಬಡಿಸ್ತಾರೆ, ಸಿಟ್ಟಾಗ್ತಾರೆ. ಅದಕ್ಕೆ ಅರ್ಥ ಇಲ್ಲ ಅಂತಾರೆ ಡಾಕ್ಟರು. ಇಲ್ಲಿ ಹುಟ್ಟಿದವರಲ್ವಾ, ಒಂದ್ಸಲ ಊರು ನೋಡ್ಲಿ ಅಂತ ಕರ್ಕೊಂಬಂದೆ," ಎಂದಳು.

ಬಸ್ಸಿನಲ್ಲಿ ತಾತ ತುಟಿ ಬಿಚ್ಚಲಿಲ್ಲ. ಹೇಗೆ ಬಿಚ್ಚುತ್ತಾರೆ? ಮಾತೆಲ್ಲ ನನ್ನದೇ ಆಗಿತ್ತಲ್ಲ!

ದೊಡ್ಡ ಮಾರುಕಟ್ಟೆಯಲ್ಲಿ ಅವರು ಕಾಣೆಯಾದರು. ಮಗಳು ಮೆಣಸಿನ ಪುಡಿಯ ಡಬ್ಬಿ ನೋಡುತ್ತಿದ್ದಳು, ತಿರುಗಿದರೆ ಅಪ್ಪನಿಲ್ಲ. ಹೊರಗೆ ಟ್ರಾಮು, ಅದರಾಚೆ ನದಿ. ಗ್ರಾಸಿಯೇಲಾಳ ಮುಖ ಬಿಳುಚಿಕೊಂಡಿತು. ನಾನು ಅಂಗಡಿ ಅಂಗಡಿಗೂ ಹೋಗಿ ಕೇಳತೊಡಗಿದೆ.

ಉಪ್ಪಿನಕಾಯಿ ಮಾರುವವಳು ಕೂಗಿದಳು: "ಕಪ್ಪು ಟೋಪಿ ತಾತನ್ನ ಹುಡುಕ್ತಿದೀರಾ? ನನ್ನತ್ರ ಒಂದು ಸೌತೆಕಾಯಿ ಇಸ್ಕೊಂಡು ತಿಂದು ಹಿಂದಿನ ಬೀದಿಗೆ ಹೋದ್ರು. ಅಮ್ಮಂಗೆ ಹೇಳ್ಬೇಡ ಅಂದ್ರು, ಪುಣ್ಯಾತ್ಮ!"

ಓಡಿದೆವು. ತೆರೆದ ಬಾಗಿಲುಗಳಲ್ಲೆಲ್ಲ ಇಣುಕಿದೆವು. ಕೊನೆಗೆ ಒಂದು ಹಳೆಯ ವಠಾರದ ಅಂಗಳದಿಂದ ಹೆಂಗಸೊಬ್ಬಳ ಬೈಗುಳ ಕೇಳಿಸಿತು. ಸಭಿಕರೇ, ನನ್ನ ಜೀವನದಲ್ಲಿ ಅಷ್ಟು ಇಂಪಾದ ಬೈಗುಳ ಕೇಳಿಲ್ಲ.

"ಈ ವಯಸ್ಸಲ್ಲಿ ಕಂಬಿಗೆ ಜೋತುಬೀಳ್ತೀಯಲ್ಲ, ಸೊಂಟ ಮುರಿದ್ರೆ ಯಾರು ನೋಡ್ಕೊಳ್ಳೋದು?" ಎನ್ನುತ್ತಿದ್ದಳು ವಠಾರದ ವಿಲ್ಮಾಜ್ಜಿ. ಜಮಖಾನೆ ಹಾಕಿ ದೂಳು ಬಡಿಯುವ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಾತ ನಿಂತಿದ್ದರು. ಅದು ಅವರು ಹುಟ್ಟಿದ ಮನೆಯೇ? ನಾನು ಹೇಳಲಾರೆ. ಇಂಥ ಕಂಬಿ ನಮ್ಮ ಯಾವ ಅಂಗಳದಲ್ಲಿಲ್ಲ?

"ಅಮ್ಮ ಕರೆದ್ರೆ ಹೋಗ್ತೀನಿ. ನೀನ್ಯಾಕೆ ಬೈತೀಯ?" ಎಂದರು ತಾತ.

ಗ್ರಾಸಿಯೇಲಾ ನನ್ನ ತೋಳು ಹಿಡಿದುಕೊಂಡಳು. "ಇದೇ, ಇದೇ ಬಡಬಡಿಕೆ!"

"ಇದು ಬಡಬಡಿಕೆ ಅಲ್ಲ ಕಣಮ್ಮ, ಹಂಗೇರಿಯನ್! ಒಂದಕ್ಷರ ತಪ್ಪಿಲ್ಲ," ಎಂದೆ.

ತಾತ ಆಗ ನನ್ನತ್ತ ತಿರುಗಿ, ಗ್ರಾಸಿಯೇಲಾಳತ್ತ ಬೆರಳು ತೋರಿದರು. "ನಿಂಗೆ ಅರ್ಥ ಆಗುತ್ತಾ? ಹಂಗಾದ್ರೆ ಈ ಹೆಂಗಸಿಗೆ ಹೇಳು. ಒಳ್ಳೆಯವಳು, ಊಟ ಕೊಡ್ತಾಳೆ. ಆದ್ರೆ ದಿನಾ ಬೆಳಗ್ಗೆ ಈ ಶೂ ತೊಡಿಸ್ತಾಳೆ. ಬಿಗಿ. ಎಷ್ಟು ಕೂಗಿದ್ರೂ ಕೇಳಲ್ಲ."

ನಾನು ಅದನ್ನು ಸ್ಪ್ಯಾನಿಷ್‌ನಲ್ಲಿ ಹಾಗೆಯೇ ಹೇಳಿದೆ. ಗ್ರಾಸಿಯೇಲಾ ಅಲ್ಲೇ ಕುಳಿತು ಅಪ್ಪನ ಶೂ ಬಿಚ್ಚಿದಳು. ಬೆರಳುಗಳು ಕೆಂಪಾಗಿ ಬಾತಿದ್ದವು. "ಇಷ್ಟೇನಾ, ಅಪ್ಪಾ? ಇಷ್ಟು ತಿಂಗಳು ಕಿರುಚಿದ್ದು ಇದಕ್ಕೇನಾ?" ಎಂದು ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ಅಪ್ಪನ ಒಳಗೆ ಅಪ್ಪ ಇನ್ನೂ ಇದ್ದರಲ್ಲ! ಅದಕ್ಕಿಂತ ದೊಡ್ಡ ನೆಮ್ಮದಿ ಯಾವುದು?

ವಿಲ್ಮಾಜ್ಜಿ ಗೊಣಗುತ್ತಲೇ ಒಳಗೆ ಹೋಗಿ ಚಪ್ಪಲಿ ತಂದಳು. "ನನ್ ಗಂಡಂದು. ವಾಪಸ್ ತರ್ಬೇಡಿ. ಅವನು ಮೇಲಿಂದ ಬಂದು ಕೇಳಲ್ಲ."

ಬಸ್ಸಿಗೆ ಮರಳಿ ನಾನು ಮೈಕು ಹಿಡಿದೆ. ಅಧ್ಯಕ್ಷರೇ, ಇದು ನಿಯಮಕ್ಕೆ ವಿರುದ್ಧ, ಆದರೂ ಉಳಿದ ಊರನ್ನು ಒಬ್ಬರೇ ಒಬ್ಬರಿಗಾಗಿ ಹಂಗೇರಿಯನ್‌ನಲ್ಲಿ ತೋರಿಸಿದೆ. ಉಳಿದವರಿಗೆ ಏನೂ ತಿಳಿಯಲಿಲ್ಲ, ಒಬ್ಬರೂ ದೂರಲಿಲ್ಲ.

ಎಲಿಜಬೆತ್ ಸೇತುವೆ ಕಂಡಾಗ ತಾತ ಎದ್ದು ನಿಂತರು. ಎರಡನೇ ಮಹಾಯುದ್ಧದಲ್ಲಿ ಮುರಿದುಬಿದ್ದ ಅದನ್ನು ಅವರು ದೇಶ ಬಿಟ್ಟಾಗ ಇನ್ನೂ ಕಟ್ಟಿರಲಿಲ್ಲ.

"ಸರಿಹೋಯ್ತಾ?"

"ಹೂಂ ತಾತ, ಸರಿಹೋಯ್ತು."

"ಅಬ್ಬ! ಹಂಗಾದ್ರೆ ನಡ್ಕೊಂಡೇ ದಾಟ್ಬಹುದು."

ಬಸ್ಸನ್ನು ಆಚೆ ದಡಕ್ಕೆ ಕಳಿಸಿ ನಾವು ಮೂವರೂ ನಡೆದೆವು. ದಾರಿಯಲ್ಲಿ ಗ್ರಾಸಿಯೇಲಾಗೆ ನಮ್ಮ ಭಾಷೆಯ ಒಂದೇ ಒಂದು ಪದ ಕಲಿಸಿದೆ: ಫಾಯ್, ಅಂದರೆ ನೋಯುತ್ತದೆ. ನದಿಯ ನಟ್ಟನಡುವೆ ಅವಳು ಅಪ್ಪನ ಮುಖ ನೋಡಿ ಅಂಜುತ್ತಂಜುತ್ತ ಕೇಳಿದಳು:

"ಫಾಯ್?"

ಅವರು ಅವಳನ್ನೇ ದಿಟ್ಟಿಸಿದರು. ಆಮೇಲೆ ಅವಳ ಕೈ ಹಿಡಿದು ತಲೆಯಾಡಿಸಿದರು: "ಇಲ್ಲ. ಈಗ ಇಲ್ಲ."

ಅಡುಗೆಮನೆಯಿಂದ ಗೂಲಾಷ್ ವಾಸನೆ ಬರುತ್ತಿದೆ, ಇನ್ನು ನಿಮ್ಮನ್ನು ಹಿಡಿದಿಡುವುದು ಪಾಪ. ಇಷ್ಟು ಹೊತ್ತು ಈ ಮಾತುಗಾತಿಯನ್ನು ಸಹಿಸಿಕೊಂಡ ನಿಮಗೆಲ್ಲ ನನ್ನ ವಂದನೆಗಳು. ನಮಸ್ಕಾರ.